ಪೀತಜ್ವರವೂ ಪಕ್ಷದ ಪತ್ರಿಕೆಗಳೂ

ಕ್ರಿ. ಶ. ೧೭೯೩ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಫಿಲಡೆಲ್ಫಿಯಾ ಪಟ್ಟಣವೇ ರಾಜಧಾನಿಯಾಗಿದ್ದಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ನದೀತೀರದ ಬೀದಿಗಳಲ್ಲಿ ತಲೆದೋರಿದ ಪೀತಜ್ವರವು ನವೆಂಬರ್ ತಿಂಗಳೊಳಗಾಗಿ, ಸುಮಾರು ೫೦,೦೦೦ ಜನರಿದ್ದ ಆ ಊರಿನಲ್ಲಿ ೫,೦೦೦ದಷ್ಟು ಮಂದಿಯನ್ನು ಆಹುತಿಗೊಂಡಿತು. ಶಕ್ತರಾದವರು ಊರು ಬಿಟ್ಟರು. ಉಳಿದವರಿಗೆ ಪ್ರತಿದಿನವೂ ವಾರ್ತೆಯನ್ನು ಕೊಡುತ್ತಿದ್ದುದು ಆಂಡ್ರೂ ಬ್ರೌನನ ‘ಫೆಡರಲ್ ಗೆಜೆಟ್’ ಒಂದೇ.

ಅಂದಿನ ಪತ್ರಿಕೆಗಳಲ್ಲಿ ಮುಖ್ಯವಾದವು ಎರಡು ರಾಜಕೀಯ ಪಕ್ಷಗಳಿಗೆ ಹಂಚಿಹೋಗಿದ್ದುವು. ಒಂದಕ್ಕೆ ಖಜಾನೆಯ ಮಂತ್ರಿ ಹ್ಯಾಮಿಲ್ಟನನು ನಾಯಕ, ಇನ್ನೊಂದಕ್ಕೆ ಜೆಫರ್ಸನನು. ಸೆಪ್ಟೆಂಬರಿನಲ್ಲಿ ಹ್ಯಾಮಿಲ್ಟನನೇ ಜ್ವರಕ್ಕೆ ತುತ್ತಾದನು. ಬಾಲ್ಯಮಿತ್ರನಾದ ಸ್ಟೀವನ್ಸ್ ವೈದ್ಯನು ಸಿಂಕೋನಾ ತೊಗಟೆ, ದ್ರಾಕ್ಷಾಮದ್ಯ, ತಣ್ಣೀರಿನ ಸ್ನಾನ ಇವುಗಳಿಂದ ಅವನನ್ನು ಉಪಚರಿಸಿದನು. ಗುಣಹೊಂದಿದ ಮಂತ್ರಿಯು ಆ ಕ್ರಮವನ್ನು ಶ್ಲಾಘಿಸಿ ಬರೆದ ಪತ್ರವು ಅಚ್ಚಾಯಿತು. ಅವನಿಗೆ ಬಂದದ್ದು ನಿಜವಾದ ಪೀತಜ್ವರವೋ ಅಲ್ಲವೋ ಎಂಬ ಸಂಶಯವನ್ನು ಜೆಫರ್ಸನನು ಮಿತ್ರನಿಗೆ ಬರೆದ ಕಾಗದದಲ್ಲಿ ಸೂಚಿಸಿದ್ದಾನೆ! ಎದುರುಪಕ್ಷದವನ ಕಾಯಿಲೆಯನ್ನು ಕೂಡ ನಂಬಲಾಗದ ಕಾಲವದು.

ಜೆಫರ್ಸನನ ಪಕ್ಷಕ್ಕೆ ಒಲಿದಿದ್ದ ಬೆಂಜಮಿನ್ ರಷ್ ವೈದ್ಯನ ಕ್ರಮವಾದರೋ ಇದಕ್ಕೆ ತೀರ ವಿರುದ್ಧ: ಪಾದರಸದ ವಿರೇಚನ, ಮೇಲೆ ಧಾರಾಳವಾಗಿ ರಕ್ತಮೋಕ್ಷಣ. ರಷ್ಷನು ಹೇಡಿಯಲ್ಲ, ತಾನೇ ಜ್ವರದಲ್ಲಿ ಬಿದ್ದೆದ್ದರೂ ರೋಗಿಗಳನ್ನು ಬಿಟ್ಟು ಹೋಗಲಿಲ್ಲ. ಹಾಗೆಯೇ ಅವನನ್ನು ವಿರೋಧಿಸಿದ ವೈದ್ಯರೆಲ್ಲರೂ ಪಕ್ಷಾಭಿಮಾನಿಗಳಲ್ಲ. ಆದರೆ ಮನೆಯಲ್ಲಿ ಮಗುವನ್ನು ಮಲಗಿಸಿಕೊಂಡು ಪತ್ರಿಕೆಯನ್ನು ಬಿಚ್ಚಿದ ತಂದೆಗೆ ಕಾಣುತ್ತಿದ್ದುದು ಒಂದನ್ನೊಂದು ಅಲ್ಲಗಳೆಯುವ ಎರಡು ಚಿಕಿತ್ಸೆಗಳು. ತೊಗಟೆಯನ್ನು ಆರಿಸುವುದೂ ಕತ್ತಿಗೆ ಕೈಯೊಡ್ಡುವುದೂ ಬಹುಮಟ್ಟಿಗೆ ಪಕ್ಷದ ಗುರುತಾಗಿ ಹೋಯಿತು.

ರೋಗದ ಮೂಲದ ವಿಷಯದಲ್ಲಿಯೂ ಇದೇ ಕಥೆ. ಸೇಂಟ್ ಡೊಮಿಂಗೊ ದ್ವೀಪದಿಂದ ನಿರಾಶ್ರಿತರನ್ನು ತಂದ ಹಡಗುಗಳೇ ಕಾರಣವೆಂದು ಹ್ಯಾಮಿಲ್ಟನನ ಕಡೆಯವರು. ಹಡಗುಕಟ್ಟೆಯಲ್ಲಿ ಕೊಳೆತ ಕಾಫಿಬೀಜದ ದುರ್ಗಂಧವೇ ಕಾರಣವೆಂದು ರಷ್ಷನ ಕಡೆಯವರು. ೧೮೮೧ರಲ್ಲಿ ಹವಾನದ ಕಾರ್ಲೋಸ್ ಫಿನ್ಲೆಯು ಊಹಿಸಿ, ೧೯೦೦ರಲ್ಲಿ ವಾಲ್ಟರ್ ರೀಡನ ಮಂಡಲಿಯು ಸಿದ್ಧಪಡಿಸಿದಂತೆ, ಜ್ವರವನ್ನು ಹರಡುವುದು ಸೊಳ್ಳೆ. ವಿಷವು ಬಂದದ್ದು ಹಡಗಿನಲ್ಲಿಯೇ. ಸೊಳ್ಳೆ ಬೆಳೆದದ್ದು ಊರವರ ನೀರಿನ ಪೀಪಾಯಿಗಳಲ್ಲಿ. ಇದು ಅಂಧಗಜನ್ಯಾಯವಾಯಿತು, ಆದರೆ ಈ ಕುರುಡರ ಕೈಯಲ್ಲಿ ಅಚ್ಚುಯಂತ್ರಗಳಿದ್ದುವು.

ಜ್ವರವು ೧೭೯೭ರಲ್ಲಿ ಮರುಕಳಿಸಿತು, ಜಗಳವೂ ಮರುಕಳಿಸಿತು. ವಿಲಿಯಂ ಕಾಬೆಟ್ ಎಂಬ ಪತ್ರಕರ್ತನು ರಷ್ಷನ ರಕ್ತಮೋಕ್ಷಣವನ್ನು ತೀಕ್ಷ್ಣವಾಗಿ ಅಪಹಾಸ್ಯಮಾಡಲು ರಷ್ಷನು ಮಾನನಷ್ಟದ ದಾವೆ ಹೂಡಿದನು. ೧೭೯೯ರ ಡಿಸೆಂಬರ್ ೧೪ರಂದು ಪಂಚಾಯಿತರು ಕಾಬೆಟ್ಟನಿಗೆ ೫,೦೦೦ ಡಾಲರುಗಳ ದಂಡವನ್ನು ವಿಧಿಸಿದರು. ಅದೇ ದಿನದ ರಾತ್ರಿ ಮೌಂಟ್ ವರ್ನನ್ನಿನಲ್ಲಿ ಜಾರ್ಜ್ ವಾಷಿಂಗ್ಟನನು ಕಂಠರೋಗದಿಂದ ಮೃತನಾದನು. ವೈದ್ಯರು ಹಗಲೆಲ್ಲ ಅವನ ರಕ್ತವನ್ನು ತೆಗೆದಿದ್ದರು.