ಕೋಶ ವಿಭಜನೆಯ ಪರಿಕಲ್ಪನಾ ಚಿತ್ರ ವಿನ್ಯಾಸ

ಕೋಶ ವಿಭಜನೆಯ ಪರಿಕಲ್ಪನಾ ಚಿತ್ರ ವಿನ್ಯಾಸವು ವೈಜ್ಞಾನಿಕ ಅನಿಮೇಷನ್‌ ನಿರ್ಮಾಣದ ಆರಂಭಿಕ ಹಂತಗಳಲ್ಲಿ ಒಂದು. ಒಂದು ಜೀವಕೋಶವು ಎರಡಾಗುವ ಪ್ರಕ್ರಿಯೆಯನ್ನು ಯಾವ ಆಕಾರ, ಬಣ್ಣ, ಬೆಳಕು ಮತ್ತು ಗತಿಯಲ್ಲಿ ತೋರಿಸಬೇಕೆಂಬುದು ಈ ಹಂತದಲ್ಲಿ ನಿರ್ಧಾರವಾಗುತ್ತದೆ. ಶೈಲೀಕೃತ ಚಿತ್ರಣದಲ್ಲಿ ಕೋಶದ ಎಲ್ಲ ವಿವರಗಳನ್ನೂ ತೋರಿಸುವುದಿಲ್ಲ. ಕೆಲವನ್ನು ಬಿಟ್ಟು, ಕೆಲವನ್ನು ದೊಡ್ಡದಾಗಿಸಲಾಗುತ್ತದೆ. ಯಾವುದನ್ನು ಸರಳಗೊಳಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ಆಯ್ಕೆಯೇ ಈ ವಿನ್ಯಾಸದ ಮುಖ್ಯ ಪ್ರಶ್ನೆ. ಕರ್ನಾಟಕದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಎರಡು ಪರಿಚಿತ ಜೀವಿಗಳಾದ ರೇಷ್ಮೆಹುಳು ಮತ್ತು ಹಿಪ್ಪುನೇರಳೆಯ ಕೋಶಗಳು ಈ ಪ್ರಶ್ನೆಗೆ ಉತ್ತಮ ನಿದರ್ಶನಗಳಾಗಿವೆ.

ಇತಿಹಾಸ

ಕೋಶ ವಿಭಜನೆಯ ಅಧ್ಯಯನವು ಚಿತ್ರರಚನೆಯೊಂದಿಗೇ ಬೆಳೆಯಿತು. ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಅವರು ಸಾಲಮ್ಯಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆಗಳನ್ನು ಕೈಯಿಂದ ಚಿತ್ರಿಸಿ, 1882ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೈಟಾಸಿಸ್ ಎಂಬ ಹೆಸರನ್ನು ನೀಡಿದವರೂ ಅವರೇ. ಬಣ್ಣ ಹಾಕಿದ ಕೋಶಗಳಲ್ಲಿ ಚಲನೆ ಇರುತ್ತಿರಲಿಲ್ಲ; ಬೇರೆ ಬೇರೆ ಕೋಶಗಳ ಸ್ಥಿತಿಗಳನ್ನು ಕ್ರಮವಾಗಿ ಜೋಡಿಸಿ ಒಂದು ಪ್ರಕ್ರಿಯೆಯನ್ನು ಊಹಿಸಬೇಕಾಗಿತ್ತು. ಈ ಅರ್ಥದಲ್ಲಿ ಅವರ ಚಿತ್ರಸರಣಿಯು ಇಂದಿನ ಕಥಾಫಲಕವನ್ನು ಹೋಲುತ್ತದೆ. ವರ್ಣತಂತುಗಳಿಗೆ ಕ್ರೋಮೋಸೋಮ್ ಎಂಬ ಹೆಸರನ್ನು 1888ರಲ್ಲಿ ವಿಲ್‌ಹೆಲ್ಮ್ ವಾಲ್ಡೆಯರ್ ನೀಡಿದರು.

ಬಣ್ಣ ಹಾಕದ ಜೀವಂತ ಕೋಶವನ್ನು ಸ್ಪಷ್ಟವಾಗಿ ನೋಡಲು ಫ್ರಿಟ್ಸ್ ಜರ್ನಿಕೆ ರೂಪಿಸಿದ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ ನೆರವಾಯಿತು. ಇದನ್ನು ಬಳಸಿ ಕುರ್ಟ್ ಮಿಶೆಲ್ 1943ರಲ್ಲಿ ಮಿಡತೆಯ ವೀರ್ಯೋತ್ಪಾದಕ ಕೋಶಗಳ ವಿಭಜನೆಯನ್ನು ಚಲನಚಿತ್ರವಾಗಿ ದಾಖಲಿಸಿದರು. ಶಿನ್ಯಾ ಇನೊಯೆ ಅವರು 1953ರಲ್ಲಿ ಧ್ರುವೀಕೃತ ಬೆಳಕಿನ ನೆರವಿನಿಂದ ಜೀವಂತ ಕೋಶದಲ್ಲಿಯೂ ಕದಿರಿನ ಎಳೆಗಳು ಇರುವುದನ್ನು ತೋರಿಸಿದರು. ಅಲ್ಲಿಯವರೆಗೆ ಅವು ಬಣ್ಣ ಹಾಕುವಾಗ ಉಂಟಾದ ಕೃತಕ ರಚನೆಗಳೇ ಎಂಬ ಸಂದೇಹವಿತ್ತು. ಕಂಪ್ಯೂಟರ್ ಅನಿಮೇಷನ್ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಎಕ್ಸ್‌ವಿವೊ ಸಂಸ್ಥೆ 2006ರಲ್ಲಿ ನಿರ್ಮಿಸಿದ ‘ದಿ ಇನ್ನರ್ ಲೈಫ್ ಆಫ್ ದಿ ಸೆಲ್’ ವ್ಯಾಪಕವಾಗಿ ಪ್ರಸಿದ್ಧವಾಯಿತು. ಆಸ್ಟ್ರೇಲಿಯಾದ ಡ್ರೂ ಬೆರಿ ಅವರ ಅಣುಮಟ್ಟದ ಅನಿಮೇಷನ್‌ಗಳು ಮತ್ತು ಅಮೆರಿಕದ ಡೇವಿಡ್ ಗುಡ್‌ಸೆಲ್ ಅವರ ಜಲವರ್ಣ ಚಿತ್ರಗಳು ಈ ಕ್ಷೇತ್ರದ ಇತರ ಪ್ರಮುಖ ಮಾದರಿಗಳು.

ವೈಜ್ಞಾನಿಕ ಆಧಾರ

ಮೈಟಾಸಿಸ್‌ನಲ್ಲಿ ಒಂದು ಕೋಶಕೇಂದ್ರದಿಂದ ಸಮಾನ ಆನುವಂಶಿಕ ವಸ್ತುವುಳ್ಳ ಎರಡು ಕೋಶಕೇಂದ್ರಗಳು ಉಂಟಾಗುತ್ತವೆ. ಡಿಎನ್ಎ ಇಮ್ಮಡಿಯಾಗುವುದು ಈ ಪ್ರಕ್ರಿಯೆಗೂ ಮುನ್ನ, ಅಂತರಾವಸ್ಥೆಯಲ್ಲಿ. ಬಳಿಕ ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುತ್ತಿಕೊಂಡು ದಪ್ಪವಾಗುತ್ತವೆ. ಮೆಟಾಫೇಸ್‌ನಲ್ಲಿ ಕೋಶದ ನಡುಭಾಗದಲ್ಲಿ ಸಾಲುಗೂಡುತ್ತವೆ. ಅನಾಫೇಸ್‌ನಲ್ಲಿ ಅವುಗಳ ಜೋಡಿ ಎಳೆಗಳು ಬೇರ್ಪಟ್ಟು ಎದುರುಬದುರು ತುದಿಗಳತ್ತ ಸಾಗುತ್ತವೆ. ಟೆಲೋಫೇಸ್‌ನಲ್ಲಿ ಹೊಸ ಕೋಶಕೇಂದ್ರಗಳು ರೂಪುಗೊಳ್ಳುತ್ತವೆ. ಮಿಯಾಸಿಸ್‌ನಲ್ಲಿ ಎರಡು ಸುತ್ತಿನ ವಿಭಜನೆ ನಡೆದು ವರ್ಣತಂತುಗಳ ಸಂಖ್ಯೆ ಅರ್ಧವಾಗುತ್ತದೆ.

ಇಂಗ್ಲಿಷ್‌ನ ಎಕ್ಸ್ ಅಕ್ಷರದಂತೆ ಕಾಣುವ ವರ್ಣತಂತುವು ಇಮ್ಮಡಿಯಾದ, ಗಟ್ಟಿಯಾಗಿ ಸುತ್ತಿಕೊಂಡ ಅಲ್ಪಾವಧಿಯ ಸ್ಥಿತಿಯನ್ನು ಮಾತ್ರ ಸೂಚಿಸುತ್ತದೆ. ಉಳಿದ ಸಮಯದಲ್ಲಿ ಡಿಎನ್ಎ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತದೆ. ಆದ್ದರಿಂದ ವಿಶ್ರಾಂತ ಕೋಶಕೇಂದ್ರದೊಳಗೆ ಎಕ್ಸ್ ಆಕಾರಗಳನ್ನು ಚಿತ್ರಿಸುವುದು ತಪ್ಪು ಗ್ರಹಿಕೆಗೆ ಕಾರಣವಾಗುತ್ತದೆ.

ವಿನ್ಯಾಸದ ಹಂತಗಳು

ಕೆಲಸವು ಸಾಮಾನ್ಯವಾಗಿ ಈ ಕ್ರಮದಲ್ಲಿ ಸಾಗುತ್ತದೆ:

• ಪ್ರೇಕ್ಷಕವರ್ಗ, ಜೀವಿ, ಕೋಶದ ಬಗೆ ಮತ್ತು ಕಲಿಕೆಯ ಉದ್ದೇಶವನ್ನು ನಿರ್ಧರಿಸುವುದು
• ಸೂಕ್ಷ್ಮದರ್ಶಕದ ಛಾಯಾಚಿತ್ರ ಹಾಗೂ ಚಲನಚಿತ್ರಗಳ ಸಂಗ್ರಹ
• ಕಿರುಚಿತ್ರಗಳು ಮತ್ತು ನೆರಳು ರೂಪಗಳ ರಚನೆ
• ವಿಷಯತಜ್ಞರ ಪರಿಶೀಲನೆ
• ಬಣ್ಣದ ಯೋಜನೆ, ಶೈಲಿ ಚೌಕಟ್ಟುಗಳು ಮತ್ತು ಮಾದರಿ ಹಾಳೆ
• ಕಥಾಫಲಕ ಮತ್ತು ಕಾಲಬದ್ಧ ಕರಡು

ತಜ್ಞರ ಪರಿಶೀಲನೆಯು ಕಿರುಚಿತ್ರದ ಹಂತದಲ್ಲಿಯೇ ನಡೆಯುವುದು ಅನುಕೂಲಕರ. ಬಣ್ಣ ಮತ್ತು ಬೆಳಕು ಪೂರ್ಣಗೊಂಡ ಬಳಿಕ ವರ್ಣತಂತುಗಳ ಸಂಖ್ಯೆಯನ್ನಾಗಲಿ ಘಟನೆಗಳ ಅನುಕ್ರಮವನ್ನಾಗಲಿ ತಿದ್ದಬೇಕಾದರೆ ಹಿಂದಿನ ಹಂತಗಳೆಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ.

ಶೈಲೀಕರಣದ ಅಂಶಗಳು

ಸಂಖ್ಯೆ: ಮಾನವ ಕೋಶದ 46 ವರ್ಣತಂತುಗಳನ್ನೂ ತೋರಿಸಿದರೆ ನೋಡುಗರಿಗೆ ಯಾವುದನ್ನೂ ಹಿಂಬಾಲಿಸಲು ಆಗುವುದಿಲ್ಲ. ಆದ್ದರಿಂದ ಎರಡು ಜೋಡಿಗಳನ್ನು, ಅಂದರೆ 4 ವರ್ಣತಂತುಗಳನ್ನು ಬಳಸುವುದು ರೂಢಿ. ಉದ್ದದ ವ್ಯತ್ಯಾಸದಿಂದ ಜೋಡಿಯನ್ನೂ, ಬಣ್ಣದ ವ್ಯತ್ಯಾಸದಿಂದ ತಾಯಿ–ತಂದೆಯ ಮೂಲವನ್ನೂ ಸೂಚಿಸಬಹುದು. ಮೈಟಾಸಿಸ್ ಮುಗಿದಾಗ ಪ್ರತಿ ಮರಿಕೋಶದಲ್ಲಿಯೂ 4 ವರ್ಣತಂತುಗಳೇ ಇರಬೇಕು. ಈ ಲೆಕ್ಕವನ್ನು ಶೈಲಿಯ ಹೆಸರಿನಲ್ಲಿ ಬದಲಿಸುವಂತಿಲ್ಲ.

ಬಣ್ಣ: ಬಹುತೇಕ ಕೋಶಗಳು ಬಣ್ಣರಹಿತ ಹಾಗೂ ಪಾರದರ್ಶಕ. ಡಿಎನ್ಎಗೆ ನೀಲಿ, ಕದಿರಿನ ಎಳೆಗಳಿಗೆ ಹಸಿರು ಎಂಬ ಪರಿಚಿತ ಸಂಯೋಜನೆಯು ಪ್ರತಿದೀಪ್ತ ಬಣ್ಣಗಳ ಬಳಕೆಯಿಂದ ಬಂದದ್ದು. ಕೆಂಪು–ಹಸಿರುಗಳ ವ್ಯತ್ಯಾಸವನ್ನು ಗುರುತಿಸಲಾಗದ ನೋಡುಗರಿಗಾಗಿ ಬಣ್ಣದ ಜೊತೆಗೆ ಗೆರೆ, ಹೊಳಪು ಅಥವಾ ಮೇಲ್ಮೈ ವಿನ್ಯಾಸದ ವ್ಯತ್ಯಾಸವನ್ನೂ ಇಡಲಾಗುತ್ತದೆ.

ಕಾಲ: 24 ಗಂಟೆಗಳ ಕೋಶಚಕ್ರವೊಂದರಲ್ಲಿ ಮೈಟಾಸಿಸ್‌ಗೆ ಸುಮಾರು 1 ಗಂಟೆ ಹಿಡಿಯುತ್ತದೆ. ಈ ಚಕ್ರವನ್ನು ಸೆಕೆಂಡಿಗೆ 24 ಚೌಕಟ್ಟುಗಳಿರುವ ಒಂದು ನಿಮಿಷದ ಅನಿಮೇಷನ್ ಆಗಿಸಿದರೆ ಒಂದು ಚೌಕಟ್ಟು ಕೋಶದ ಒಂದು ನಿಮಿಷಕ್ಕೆ ಸಮನಾಗುತ್ತದೆ. ಮೈಟಾಸಿಸ್‌ಗೆ ಉಳಿಯುವುದು ಎರಡೂವರೆ ಸೆಕೆಂಡು. ಹೀಗಾಗಿ ಕಾಲವನ್ನು ಹಿಗ್ಗಿಸುವುದು ಅನಿವಾರ್ಯ. ಹಿಗ್ಗಿಸಿರುವುದನ್ನು ಗಡಿಯಾರದ ಚಿಹ್ನೆ ಅಥವಾ ನಿರೂಪಣೆಯಿಂದ ತಿಳಿಸಬಹುದು.

ಚಲನೆ: ಕದಿರಿನ ಎಳೆಗಳು ಗಟ್ಟಿಯಾದ ಹಗ್ಗಗಳಲ್ಲ. ಅವು ಪದೇ ಪದೇ ಬೆಳೆದು ಕುಗ್ಗುತ್ತವೆ ಎಂಬುದನ್ನು ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಷ್ನರ್ 1984ರಲ್ಲಿ ವಿವರಿಸಿದರು. ಎಳೆಗಳು ತಡಕಾಡುತ್ತಾ ವರ್ಣತಂತುವನ್ನು ತಲುಪುವುದು, ಕೊನೆಯ ವರ್ಣತಂತುವಿಗೂ ಎಳೆಗಳು ಸರಿಯಾಗಿ ಕೂಡಿಕೊಳ್ಳುವವರೆಗೆ ವಿಭಜನೆ ತಡೆಹಿಡಿಯಲ್ಪಡುವುದು ದೃಶ್ಯಕ್ಕೆ ಸಹಜವಾದ ಕುತೂಹಲವನ್ನು ಒದಗಿಸುತ್ತವೆ. ಇದಕ್ಕಾಗಿ ವರ್ಣತಂತುಗಳಿಗೆ ಕಣ್ಣು–ಬಾಯಿಗಳನ್ನು ಜೋಡಿಸುವ ಅಗತ್ಯವಿಲ್ಲ.

ರೇಷ್ಮೆ ಸೀಮೆಯ ನಿದರ್ಶನಗಳು

ಕೆಂಗಲ್ ಗ್ರಾಮವು ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಇದೆ. ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ, ಚನ್ನಪಟ್ಟಣವು ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಹೆಸರಾಗಿವೆ. ಈ ಸೀಮೆಯ ರೇಷ್ಮೆ ಕೃಷಿಯಲ್ಲಿ ಸಸ್ಯಕೋಶ ಮತ್ತು ಪ್ರಾಣಿಕೋಶಗಳ ವಿಭಜನೆಯನ್ನು ಹೋಲಿಸಿ ತೋರಿಸಲು ಬೇಕಾದ ಉದಾಹರಣೆಗಳು ಒಟ್ಟಿಗೆ ದೊರೆಯುತ್ತವೆ.

ಹಿಪ್ಪುನೇರಳೆ

ಸ್ಥಳೀಯ ಮೈಸೂರು ಹಿಪ್ಪುನೇರಳೆಯಿಂದ ಆಯ್ದ ಎಂ-5 ತಳಿಯು ‘ಕಣ್ವ-2’ ಎಂಬ ಹೆಸರಿನಲ್ಲಿ ಚನ್ನಪಟ್ಟಣ ಸಮೀಪದ ಕಣ್ವದ ನೆನಪನ್ನು ಉಳಿಸಿಕೊಂಡಿದೆ. ಹಿಪ್ಪುನೇರಳೆಯನ್ನು ಸಾಮಾನ್ಯವಾಗಿ ಕಡ್ಡಿ ನಾಟಿಯಿಂದ ಬೆಳೆಸುತ್ತಾರೆ. ಕಡ್ಡಿಯಿಂದ ಚಿಗುರಿದ ಗಿಡದ ಕೋಶಗಳೆಲ್ಲವೂ ಮೈಟಾಸಿಸ್‌ನಿಂದ ಬಂದವು. ಆದ್ದರಿಂದ ಒಂದೇ ತಳಿಯ ಕಡ್ಡಿ ನೆಟ್ಟ ತೋಟವು ತಾಯಿಗಿಡದ ಗುಣಗಳನ್ನೇ ಹೊಂದಿರುತ್ತದೆ. ಈ ತಳಿಯ ಕೋಶದಲ್ಲಿ 28 ವರ್ಣತಂತುಗಳಿವೆ. ಸಸ್ಯಕೋಶವು ಪ್ರಾಣಿಕೋಶದಂತೆ ಸೊಂಟ ಬಿಗಿದು ಎರಡಾಗುವುದಿಲ್ಲ. ನಡುವಿನಲ್ಲಿ ಕೋಶಫಲಕವು ಮೂಡಿ, ಹೊರಅಂಚಿನತ್ತ ಬೆಳೆದು ಗೋಡೆಯಾಗುತ್ತದೆ.

ರೇಷ್ಮೆಹುಳು

ರೇಷ್ಮೆಹುಳುವಿನ ಕೋಶದಲ್ಲಿ 28 ಜೋಡಿ, ಅಂದರೆ 56 ವರ್ಣತಂತುಗಳಿವೆ. ಇವು ಹೋಲೊಸೆಂಟ್ರಿಕ್ ಬಗೆಯವು: ಕದಿರಿನ ಎಳೆಗಳು ಸೆಂಟ್ರೊಮಿಯರ್ ಎಂಬ ಒಂದೇ ಬಿಂದುವಿಗೆ ಅಂಟಿಕೊಳ್ಳದೆ ವರ್ಣತಂತುವಿನ ಉದ್ದಕ್ಕೂ ಹಲವೆಡೆ ಕೂಡಿಕೊಳ್ಳುತ್ತವೆ. ಮಾನವ ಕೋಶದಲ್ಲಿ ಒಂದೇ ಬಿಂದುವಿನಿಂದ ಎಳೆಯಲ್ಪಟ್ಟ ವರ್ಣತಂತು ಬಾಗಿ ವಿ ಆಕಾರ ತಾಳಿದರೆ, ರೇಷ್ಮೆಹುಳುವಿನಲ್ಲಿ ಬೇರ್ಪಟ್ಟ ಎಳೆಗಳು ಬಹುಮಟ್ಟಿಗೆ ಸಮಾನಾಂತರವಾಗಿ ದೂರ ಸರಿಯುತ್ತವೆ. ನಡು ಸಣ್ಣಗಿರುವ ಎಕ್ಸ್ ಆಕಾರವನ್ನು ಪಠ್ಯಪುಸ್ತಕದಿಂದ ತೆಗೆದು ರೇಷ್ಮೆಹುಳುವಿನ ಅನಿಮೇಷನ್‌ಗೆ ಬಳಸಿದರೆ ಬೇರೊಂದು ಜೀವಿಯ ಕೋಶವನ್ನು ತೋರಿಸಿದಂತಾಗುತ್ತದೆ. ಗಿಡ್ಡನೆಯ ಸರಳ ಕಡ್ಡಿಯ ರೂಪವು ಇಲ್ಲಿ ಹೆಚ್ಚು ಸರಿಯಾದದ್ದು ಮಾತ್ರವಲ್ಲ, ಚಿತ್ರಿಸಲೂ ಸುಲಭ.

ಮಿಶ್ರತಳಿ ಬಿತ್ತನೆಯ ಮೊಟ್ಟೆಯು ಮಿಯಾಸಿಸ್‌ಗೆ ನಿದರ್ಶನ. ಮೈಸೂರು ತಳಿಯ ಹೆಣ್ಣು ಚಿಟ್ಟೆಯಿಂದ 28, ದ್ವಿತಳಿಯ ಗಂಡು ಚಿಟ್ಟೆಯಿಂದ 28 ವರ್ಣತಂತುಗಳು ಸೇರಿ ಮೊಟ್ಟೆಯಲ್ಲಿ ಮತ್ತೆ 56 ಆಗುತ್ತವೆ. ಫಲಿತ ಮೊಟ್ಟೆಯಲ್ಲಿ ಮೊದಲು ಕೋಶಕೇಂದ್ರಗಳಷ್ಟೇ ಪದೇ ಪದೇ ವಿಭಜನೆಗೊಂಡು, ಬಳಿಕ ಮೊಟ್ಟೆಯ ಹೊರವಲಯಕ್ಕೆ ಸರಿದು, ಅಲ್ಲಿ ಪ್ರತ್ಯೇಕ ಕೋಶಗಳಾಗುತ್ತವೆ. ಒಂದು ಗೋಳ ಎರಡಾಗಿ, ಎರಡು ನಾಲ್ಕಾಗುವ ಪರಿಚಿತ ದೃಶ್ಯ ಇಲ್ಲಿಗೆ ಹೊಂದುವುದಿಲ್ಲ.

ರೇಷ್ಮೆ ಗ್ರಂಥಿಯ ವಿಷಯವು ಇನ್ನೂ ಭಿನ್ನ. ಮೊಟ್ಟೆಯಿಂದ ಹೊರಬಂದ ಮರಿ ಹುಳು, ರೈತರು ‘ಜ್ವರ’ ಎಂದು ಕರೆಯುವ ನಾಲ್ಕು ಪೊರೆಬಿಡುವ ಹಂತಗಳನ್ನು ದಾಟಿ ಗೂಡು ಕಟ್ಟುವ ವೇಳೆಗೆ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚಿರುತ್ತದೆ. ಆದರೆ ರೇಷ್ಮೆ ಗ್ರಂಥಿಯ ಕೋಶಗಳ ಸಂಖ್ಯೆ ಭ್ರೂಣಾವಸ್ಥೆಯಲ್ಲಿಯೇ ನಿಗದಿಯಾಗುತ್ತದೆ. ಅನಂತರ ಆ ಕೋಶಗಳು ವಿಭಜನೆಗೊಳ್ಳುವುದಿಲ್ಲ. ಡಿಎನ್ಎ ಮಾತ್ರ 17ರಿಂದ 19 ಬಾರಿ ಇಮ್ಮಡಿಯಾಗಿ ಲಕ್ಷಗಟ್ಟಲೆ ಪಟ್ಟು ಹೆಚ್ಚುತ್ತದೆ, ಕೋಶಕೇಂದ್ರವು ಕವಲೊಡೆದು ಹರಡಿಕೊಳ್ಳುತ್ತದೆ. ರೇಷ್ಮೆ ಗ್ರಂಥಿಯ ಬೆಳವಣಿಗೆಯನ್ನು ಕೋಶಗಳು ಹೆಚ್ಚುತ್ತಿರುವಂತೆ ಚಿತ್ರಿಸುವುದು ಆದ್ದರಿಂದ ಸರಿಯಲ್ಲ. ಇರುವ ಕೋಶಗಳೇ ಹಿಗ್ಗುವುದನ್ನು ತೋರಿಸಬೇಕು.

ಚನ್ನಪಟ್ಟಣದ ಗೊಂಬೆಯ ಆಕಾರಭಾಷೆ

ಚನ್ನಪಟ್ಟಣದ ಗೊಂಬೆಗಳನ್ನು ತಿರುಗುವ ಮರದ ತುಂಡಿನ ಮೇಲೆ ಉಳಿ ಹಿಡಿದು ಕಡೆಯಲಾಗುತ್ತದೆ. ಆ ತಿರುಗುವಿಕೆಯ ಬಿಸಿಗೆ ಕರಗುವ ಅರಗು ಮರಕ್ಕೆ ಬಣ್ಣ ನೀಡುತ್ತದೆ. ಇದರಿಂದ ಗುಂಡನೆಯ, ಒಂದೇ ಅಕ್ಷದ ಸುತ್ತ ಸಮನಾದ, ಗಡಿ ಸ್ಪಷ್ಟವಾದ ರೂಪಗಳು ದೊರೆಯುತ್ತವೆ. ವಿಭಜನೆಯ ವೇಳೆ ಅನೇಕ ಪ್ರಾಣಿಕೋಶಗಳು ಗುಂಡಗಾಗುವುದರಿಂದ ಮತ್ತು ನಡುವಿನಲ್ಲಿ ಉಂಗುರದಂತೆ ಕುಗ್ಗುವುದರಿಂದ ಈ ಆಕಾರಭಾಷೆಯು ಅವುಗಳ ಹೊರರೂಪಕ್ಕೆ ಹೊಂದುತ್ತದೆ. ಗೋಡೆಯುಳ್ಳ, ಕೋನಾಕೃತಿಯ ಹಿಪ್ಪುನೇರಳೆ ಕೋಶಕ್ಕೆ ಅದು ಹೊಂದುವುದಿಲ್ಲ. ಅರಗಿನ ಅಪಾರದರ್ಶಕ ಹೊಳಪನ್ನು ಹಾಗೆಯೇ ತಂದರೆ ಕೋಶದ ಒಳಭಾಗ ಮರೆಯಾಗುವುದರಿಂದ ಹೊರಪೊರೆಯನ್ನು ಪಾರದರ್ಶಕವಾಗಿಸಬೇಕಾಗುತ್ತದೆ.

ಪರಿಭಾಷೆ

ಕನ್ನಡದಲ್ಲಿ ನೂಲುವ ಉಪಕರಣದ ಹೆಸರಾದ ‘ಕದಿರು’ ಕೋಶದೊಳಗಿನ ರಚನೆಗೂ ಬಳಕೆಯಾಗುತ್ತದೆ. ನಡು ದಪ್ಪ, ತುದಿ ಚೂಪು ಎಂಬ ಆಕಾರವನ್ನು ಈ ಪದವು ನೆನಪಿಸುತ್ತದೆ. ಆದರೆ ನೂಲಿನ ಕದಿರು ತಿರುಗುತ್ತದೆ, ಕೋಶದ ಕದಿರು ಹಾಗೆ ತಿರುಗಿ ನೂಲುವುದಿಲ್ಲ. ಹೆಸರಿನ ಹೋಲಿಕೆಯನ್ನು ಚಲನೆಗೂ ವಿಸ್ತರಿಸುವುದು ತಪ್ಪಾಗುತ್ತದೆ.

ಮಿತಿಗಳು ಮತ್ತು ಟೀಕೆ

ಅನಿಮೇಷನ್‌ಗಳಲ್ಲಿ ಕೋಶದ ಒಳಭಾಗವು ವಿಶಾಲವಾದ ಖಾಲಿ ಜಾಗದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಅಣುಗಳಿಂದ ಕಿಕ್ಕಿರಿದಿರುತ್ತದೆ. ಗುಡ್‌ಸೆಲ್ ಅವರ ಚಿತ್ರಗಳು ಈ ದಟ್ಟಣೆಗೆ ಒತ್ತು ನೀಡುತ್ತವೆ. ಅಣುಗಳು ಗುರಿ ತಿಳಿದಂತೆ ನೇರವಾಗಿ ಸಾಗುವ ಚಿತ್ರಣವೂ ಟೀಕೆಗೆ ಒಳಗಾಗಿದೆ, ಏಕೆಂದರೆ ಅವುಗಳ ನಿಜವಾದ ಚಲನೆಯಲ್ಲಿ ಯಾದೃಚ್ಛಿಕ ಕಂಪನದ ಪಾಲು ದೊಡ್ಡದು. ಖಾಲಿ ಜಾಗ, ಬಣ್ಣ ಮತ್ತು ನಿಧಾನಗತಿಗಳು ನೋಡುಗರಿಗೆ ತಿಳಿಸಿ ಮಾಡಬಹುದಾದ ಸರಳೀಕರಣಗಳು. ವರ್ಣತಂತುಗಳ ಲೆಕ್ಕ, ಘಟನೆಗಳ ಅನುಕ್ರಮ, ಎಳೆಗಳು ಅಂಟಿಕೊಳ್ಳುವ ರೀತಿ ಮತ್ತು ಕೋಶ ಎರಡಾಗುವ ವಿಧಾನಗಳು ಮಾತ್ರ ಆಯಾ ಜೀವಿಗೆ ತಕ್ಕಂತೆಯೇ ಇರಬೇಕಾಗುತ್ತದೆ.

ಇವನ್ನೂ ನೋಡಿ

• ಜೀವಕೋಶ
• ವರ್ಣತಂತು
• ರೇಷ್ಮೆ ಕೃಷಿ
• ಹಿಪ್ಪುನೇರಳೆ
• ಚನ್ನಪಟ್ಟಣದ ಗೊಂಬೆಗಳು