ಬಂಕಾಪುರಕ್ಕೆ ಹೋದ ಸೇಸೆ: ವಿಷ್ಣುವರ್ಧನನ ಮತಾಂತರ ಮತ್ತು 1133ರ ಬಸ್ತಿಹಳ್ಳಿ ಶಾಸನ

ಹೊಯ್ಸಳ ಬಿಟ್ಟಿದೇವ ಜೈನನಾಗಿದ್ದ, ರಾಮಾನುಜರ ಪ್ರಭಾವದಿಂದ ವೈಷ್ಣವನಾದ, ಆಗ ವಿಷ್ಣುವರ್ಧನನೆಂಬ ಹೆಸರು ತಳೆದ. ಈ ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯನ್ನು ವಿದ್ವತ್ತಿನ ವಲಯದಲ್ಲಿ ಗಟ್ಟಿ ಮಾಡಿದವರು ಬಿ.ಎಲ್. ರೈಸ್. 1909ರ ‘ಮೈಸೂರು ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಗ್ರಂಥದಲ್ಲಿ ಅವರು ಹಾಗೆ ಬರೆದರು. ಅಲ್ಲಿಂದ ಅದು ಗೆಜೆಟಿಯರುಗಳಿಗೆ, ಪಠ್ಯಪುಸ್ತಕಗಳಿಗೆ, ಬೇಲೂರಿನ ಮಾರ್ಗದರ್ಶಿಗಳ ಬಾಯಿಗೆ ಇಳಿಯಿತು. ರೈಸರ ಋಣ ನಮ್ಮ ಮೇಲೆ ದೊಡ್ಡದು. ಅವರು ಊರೂರು ಸುತ್ತಿ ಕಲ್ಲುಗಳನ್ನು ಓದಿಸಿ ಅಚ್ಚು ಹಾಕಿಸದಿದ್ದರೆ ಈ ಲೇಖನಕ್ಕೆ ಆಧಾರವೇ ಇರುತ್ತಿರಲಿಲ್ಲ. ಆದರೆ ಆ ಮೂರು ಮಾತುಗಳನ್ನು ಒಟ್ಟಿಗೆ ನಿಲ್ಲಗೊಡದ ಶಾಸನವೊಂದನ್ನು 1902ರಲ್ಲಿ, ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ, ಪ್ರಕಟಿಸಿದವರೂ ಅವರೇ. ತಾವೇ ಬೆಳಕಿಗೆ ತಂದ ಸಾಕ್ಷಿಯ ಮಾತನ್ನು ಅವರು ತಮ್ಮ ಕಥನದೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಬಂದವರಲ್ಲಿ ಹಲವರು ಆ ಶಾಸನವನ್ನು ‘ಅರಸನ ಸರ್ವಧರ್ಮ ಸಮಭಾವ’ ಎಂಬ ಮೃದು ಮಾತಿನಿಂದ ಮುಚ್ಚಿ ಮುಂದೆ ಹೋದರು. ಶಾಸನ ಹೇಳುವುದು ಸಮಭಾವದ ಮಾತನ್ನಲ್ಲ. ಅದಕ್ಕಿಂತ ನಿರ್ದಿಷ್ಟವಾದದ್ದನ್ನು ಅದು ಹೇಳುತ್ತದೆ.

ಹೆಸರಿನ ವಿಷಯವನ್ನು ಮೊದಲು ಮುಗಿಸೋಣ. ಬಿಟ್ಟಿ ಎಂಬುದು ವಿಷ್ಣುವಿನ ತದ್ಭವ. ಕೃಷ್ಣ ನಮ್ಮ ಬಾಯಲ್ಲಿ ಕಿಟ್ಟ ಆದಂತೆ ವಿಷ್ಣು ಬಿಟ್ಟಿಯಾಗಿದೆ. ಮನೆಯಲ್ಲಿ ಕಿಟ್ಟನಾದವನು ಪತ್ರದಲ್ಲಿ ಕೃಷ್ಣನೆಂದು ಸಹಿ ಹಾಕಿದರೆ ಅವನು ಮತ ಬದಲಿಸಿದನೆಂದು ಯಾರೂ ಹೇಳುವುದಿಲ್ಲ. ‘ವಿಷ್ಣುವರ್ಧನ’ ಕೂಡ ಹೊಸದಾಗಿ ಹುಟ್ಟಿದ ಹೆಸರಲ್ಲ. ಏಳನೆಯ ಶತಮಾನದ ಕುಬ್ಜ ವಿಷ್ಣುವರ್ಧನನಿಂದ ಮೊದಲಾಗಿ ವೆಂಗಿಯ ಚಾಲುಕ್ಯರಲ್ಲಿ ಅದು ಹಲವು ಅರಸರ ಹೆಸರು. ಇಷ್ಟಕ್ಕೂ ಸಮಾಧಾನವಾಗದವರು 1137ರ ಒಂದು ಶಾಸನ ನೋಡಬೇಕು. ಅರಸ ತಾನೇ ಮಗನಂತೆ ಸಾಕಿ, ಉಪನಯನ ಮಾಡಿಸಿ, ಚಿಕ್ಕ ವಯಸ್ಸಿನಲ್ಲೇ ದಂಡನಾಯಕ ಪದವಿಗೆ ಏರಿಸಿದ ಒಬ್ಬನ ಕಥೆ ಅಲ್ಲಿದೆ. ಅವನನ್ನು ವಿಷ್ಣು ದಂಡಾಧಿಪನೆಂದೂ ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣನೆಂದೂ ಎರಡು ಹೆಸರಿನಿಂದ ಕರೆದಿದೆ. ಅವನು ಜೈನ, ಶ್ರೀಪಾಲ ತ್ರೈವಿದ್ಯದೇವರ ಶಿಷ್ಯ. ರಾಜಧಾನಿ ದೋರಸಮುದ್ರದಲ್ಲಿ (ಇಂದಿನ ಹಳೇಬೀಡು) ಅವನು ಕಟ್ಟಿಸಿದ ಬಸದಿಗೆ ಇಟ್ಟ ಹೆಸರು ವಿಷ್ಣುವರ್ಧನ ಜಿನಾಲಯ. ಮತಾಂತರ ನಡೆಯಿತೆನ್ನುವ ಕಾಲಕ್ಕೆ ಇಪ್ಪತ್ತು ವರ್ಷ ಕಳೆದ ಮೇಲಿನ ಮಾತಿದು. ವಿಷ್ಣುವರ್ಧನ ಎಂಬ ಹೆಸರೇ ಜಿನಧರ್ಮ ತೊರೆದ ಗುರುತಾಗಿದ್ದರೆ, ಆ ಊರಿನ ಜೈನನೊಬ್ಬ ತನ್ನ ಜಿನಾಲಯಕ್ಕೆ ಅದನ್ನು ಇಡುತ್ತಿರಲಿಲ್ಲ. ಹೆಸರಿನ ವಾದವನ್ನು ಇನ್ನಾದರೂ ಕೈಬಿಡಬೇಕು.

ಈಗ ಮುಖ್ಯ ಸಾಕ್ಷಿಗೆ ಬರುತ್ತೇನೆ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಶಾಸನ (ಬೇಲೂರು 124) 1133ರದು. ತಲಕಾಡನ್ನು ಚೋಳರಿಂದ ಬಿಡಿಸಿದ ಮಹಾಪ್ರಧಾನ ದಂಡನಾಯಕ ಗಂಗರಾಜ ಆ ವರ್ಷ ತೀರಿಕೊಂಡ. ಅವನ ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದ ನಟ್ಟನಡುವೆ ಬಸದಿ ಕಟ್ಟಿಸಿ, ತಂದೆಯ ಬಿರುದನ್ನೇ ಇಟ್ಟು ದ್ರೋಹಘರಟ್ಟ ಜಿನಾಲಯವೆಂದು ಕರೆದ. ಪ್ರತಿಷ್ಠೆಯಾದ ಮೇಲೆ ಅಲ್ಲಿನ ಇಂದ್ರರು, ಅಂದರೆ ಪೂಜಾರಿಗಳು, ಗಂಧೋದಕವನ್ನೂ ಶೇಷೆಯನ್ನೂ ಹಿಡಿದು ಅರಸನ ಬಳಿಗೆ ಹೋದರು. ಅರಸ ಆಗ ಬಂಕಾಪುರದಲ್ಲಿದ್ದ. ದೋರಸಮುದ್ರದಿಂದ ಬಂಕಾಪುರ ನೇರ ದಾರಿಯಲ್ಲಿ ಅಳೆದರೂ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಪ್ರಸಾದ ಹೊತ್ತು ಅಷ್ಟು ದೂರ ನಡೆದರೆಂದರೆ ಅದನ್ನು ತೆಗೆದುಕೊಳ್ಳುವ ಕೈ ಅಲ್ಲಿದೆ ಎಂಬ ಭರವಸೆ ಅವರಿಗೆ ಇತ್ತು. ತನ್ನ ಮೇಲೆ ಏರಿಬಂದ ಮಸಣನನ್ನು ಅರಸ ಕೊಂದಿದ್ದ. ಅದೇ ಹೊತ್ತಿಗೆ ರಾಣಿ ಲಕ್ಷ್ಮಾದೇವಿಗೆ ಗಂಡುಮಗು ಹುಟ್ಟಿತ್ತು. ಇಂದ್ರರನ್ನು ಕಂಡ ಅರಸ ಅವರನ್ನು ಹತ್ತಿರ ಕರೆದು, ಎದ್ದು ನಿಂತು, ಕೈ ಮುಗಿದು, ಗಂಧೋದಕವನ್ನೂ ಶೇಷೆಯನ್ನೂ ಸ್ವೀಕರಿಸಿದ. ಗೆಲುವೂ ಮಗನೂ ಈ ದೇವರ ಪ್ರತಿಷ್ಠೆಯ ಪುಣ್ಯದಿಂದ ತನಗೆ ದೊರೆತವು ಎಂದ. ಆದ್ದರಿಂದ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಬಸದಿಗೆ ಜಾವಗಲ್ಲನ್ನು ದತ್ತಿ ಬಿಟ್ಟ.

ಶೇಷೆ ಎಂದರೆ ನಮ್ಮ ಸೇಸೆ, ಮದುವೆಮನೆಯಲ್ಲಿ ತಲೆಯ ಮೇಲೆ ಬೀಳುವ ಅಕ್ಷತೆ. ದೇವರ ಪೂಜೆಯಲ್ಲಿ ಉಳಿದದ್ದು ಭಕ್ತನಿಗೆ ಬರುವುದೇ ಶೇಷೆ. ಅದನ್ನು ಸ್ವೀಕರಿಸುವವನು ಆ ದೇವರ ಅನುಗ್ರಹದ ಒಳಗೆ ನಿಂತವನು. ಈ ಅರ್ಥವನ್ನು ಮರೆತು ಓದಿದರೆ ಇಡೀ ಪ್ರಸಂಗ ರಾಜಮರ್ಯಾದೆಯ ಒಂದು ಸಮಾರಂಭದಂತೆ ಕಾಣುತ್ತದೆ. ಅನೇಕರು ಹಾಗೆಯೇ ಓದಿದ್ದಾರೆ: ಗಂಗರಾಜ ಹಿರಿಯ ಸೇವಕ, ಅವನ ಮಗ ದುಃಖದಲ್ಲಿದ್ದಾನೆ, ವೈಷ್ಣವನಾದ ಅರಸ ಸೌಜನ್ಯಕ್ಕೆ ಎದ್ದು ನಿಂತ, ಊರು ಕೊಟ್ಟ. ಆದರೆ ಸೌಜನ್ಯಕ್ಕೆ ಊರು ಕೊಟ್ಟರೆ ಸಾಕಿತ್ತು. ಮಗ ಹುಟ್ಟಿದ್ದು ಪಾರ್ಶ್ವನ ಪುಣ್ಯದಿಂದ ಎನ್ನಬೇಕಿರಲಿಲ್ಲ. ವಂಶಕ್ಕೆ ಉತ್ತರಾಧಿಕಾರಿ ಬಂದ ಗಳಿಗೆಯಲ್ಲಿ ಅರಸ ಯಾವ ದೇವರಿಗೆ ಋಣಿಯೆಂದು ಒಪ್ಪಿಕೊಳ್ಳುತ್ತಾನೆ ಎಂಬುದು ಅವನ ನಂಬಿಕೆಗೆ ಇರುವ ಅತ್ಯಂತ ಗಟ್ಟಿ ಪುರಾವೆ.

ಎದುರು ಪಕ್ಷದವರು ಇದೇ ಶಾಸನವನ್ನು ಎತ್ತಿ ಹಿಡಿದು, ಅರಸ ಕೊನೆಯವರೆಗೂ ಜೈನನೇ, ಮತಾಂತರವೆಲ್ಲ ಕಟ್ಟುಕಥೆ ಎನ್ನುತ್ತಾರೆ. ಇವರು ಶಾಸನದ ಅರ್ಧವನ್ನು ಓದಿದ್ದಾರೆ. ಪಾರ್ಶ್ವನ ಅನುಗ್ರಹದಿಂದ ಹುಟ್ಟಿದ ಮಗುವಿಗೆ ಅರಸ ಯಾವ ತೀರ್ಥಂಕರನ ಹೆಸರನ್ನೂ ಇಡಲಿಲ್ಲ, ನರಸಿಂಹನ ಹೆಸರಿಟ್ಟ. ವಿಷ್ಣುವಿನ ಅವತಾರದ ಹೆಸರು, ಜಿನಾಲಯದ ಪುಣ್ಯದ ಲೆಕ್ಕದಲ್ಲಿ! ರೈಸರ ಕಥೆಯಲ್ಲಿ ಬರುವ ಮತಾಂತರಿ ಪಾರ್ಶ್ವನಿಗೆ ಋಣ ಹೇಳುತ್ತಿರಲಿಲ್ಲ, ಇವರ ಕಥೆಯಲ್ಲಿ ಬರುವ ಜೈನ ನರಸಿಂಹನೆಂದು ಹೆಸರಿಡುತ್ತಿರಲಿಲ್ಲ. ಬಂಕಾಪುರದ ಅರಸ ಎರಡನ್ನೂ ಒಂದೇ ಮಾತಿನಲ್ಲಿ ಮಾಡಿದ. (ಹೊಯ್ಸಳರು ಎಂದೂ ಜೈನರಾಗಿರಲೇ ಇಲ್ಲವೆಂಬ ಮೂರನೆಯ ವಾದವೂ ಉಂಟು. ಅರಸರ ಪ್ರಶಸ್ತಿಯಲ್ಲಿ ಬರುವ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿಗೆ ಆ ವಾದದವರು ಹೇಳುವ ಅರ್ಥ ನನಗೆ ಒಪ್ಪಿಗೆಯಾಗಿಲ್ಲ. ಸಮ್ಯಕ್ತ್ವ ಜೈನದರ್ಶನದ ಪಾರಿಭಾಷಿಕ ಪದ; ಅದನ್ನು ‘ಒಳ್ಳೆಯತನ’ವೆಂದು ಸಡಿಲಿಸುವುದು ಭಾಷೆಗೆ ಮಾಡುವ ಅನ್ಯಾಯ.)

ನ್ಯಾಯವಾದ ಆಕ್ಷೇಪ ಒಂದಿದೆ. ಶಾಸನವನ್ನು ಬರೆಸಿದ್ದು ಅರಸನಲ್ಲ, ಬೊಪ್ಪನ ಕಡೆಯವರು. ತಮ್ಮ ದೇವರ ಮಹಿಮೆ ಹೆಚ್ಚಿಸಲು ಅವರು ಅರಸನ ಬಾಯಲ್ಲಿ ಆ ಮಾತು ಇಟ್ಟಿರಬಹುದಲ್ಲವೆ? ಅರಸ ಎದ್ದು ನಿಂತ ಭಂಗಿ, ಅವನ ಹರ್ಷ, ಇವುಗಳಲ್ಲಿ ಕವಿಯ ಕೈ ಇದೆಯೆಂದು ನಾನೂ ಒಪ್ಪುತ್ತೇನೆ. ಆದರೆ ಎರಡು ಸಂಗತಿಗಳನ್ನು ಕವಿ ಹುಟ್ಟಿಸಲಾರ: ಒಂದು ಊರಿನ ದತ್ತಿ, ಇನ್ನೊಂದು ರಾಜಕುಮಾರನ ಹೆಸರು. ಕಲ್ಲು ನಿಂತದ್ದು ರಾಜಧಾನಿಯಲ್ಲಿ, ಅರಸ ಬದುಕಿರುವಾಗ, ಅವನ ಅಧಿಕಾರಿಗಳು ದಿನವೂ ಓಡಾಡುವ ಜಾಗದಲ್ಲಿ. ಪಟ್ಟದ ಮಗನಿಗೆ ಹೆಸರು ಬಂದ ಬಗೆಯನ್ನು ಸುಳ್ಳಾಗಿ ಕೊರೆಸುವ ಧೈರ್ಯ ಯಾವ ದಂಡನಾಯಕನ ಮಗನಿಗೂ ಇರಲಿಲ್ಲ. ಹಾಗೆ ಹುಟ್ಟಿಸಿ ಬರೆಸುವುದೇ ಆಗಿದ್ದರೆ ನರಸಿಂಹನೆಂಬ ಹೆಸರು ಅವರಿಗೆ ತೊಡಕೇ ಹೊರತು ನೆರವಲ್ಲ.

ಆ ತೊಡಕಿನ ಗಂಟು ಬಿಚ್ಚುವುದು ‘ವಿಜಯ’ ಎಂಬ ಪದದಲ್ಲಿ. ಈ ಪದದ ಕಡೆಗೆ ಸಾಕಷ್ಟು ಗಮನ ಹೋಗಿಲ್ಲವೆಂಬುದೇ ನನ್ನನ್ನು ಈ ಲೇಖನಕ್ಕೆ ಎಳೆದದ್ದು. 1117ರಲ್ಲಿ, ತಲಕಾಡಿನ ಗೆಲುವಿನ ಬೆನ್ನಿಗೆ, ಇದೇ ಅರಸ ಬೇಲೂರಿನಲ್ಲಿ ಪ್ರತಿಷ್ಠಿಸಿದ ದೇವರ ಹೆಸರು ವಿಜಯನಾರಾಯಣ. ಇಂದು ಚೆನ್ನಕೇಶವನೆಂದು ನಾವು ಕೈ ಮುಗಿಯುವ ದೇವರು ಅವನೇ. ಹದಿನಾರು ವರ್ಷಗಳ ಮೇಲೆ, ಇನ್ನೊಂದು ಗೆಲುವಿನ ಬೆನ್ನಿಗೆ, ಅದೇ ಪದ ಪಾರ್ಶ್ವನಿಗೂ ಮಗುವಿಗೂ ಸಂದಿತು. ವಿಜಯನಾರಾಯಣ, ವಿಜಯಪಾರ್ಶ್ವ, ವಿಜಯನರಸಿಂಹ: ಮೂರಕ್ಕೂ ತಲೆಯಲ್ಲಿ ಇರುವುದು ಅರಸನ ಮುದ್ರೆ. ಗೆಲುವು ತಂದ ದೇವರು ಯಾರೇ ಆಗಲಿ, ಆ ದೇವರು ತನ್ನವನು ಎಂಬ ಹಕ್ಕಿನ ಮಾತು ಇದು. ಪಾರ್ಶ್ವನನ್ನು ಬೇಲೂರಿನ ನಾರಾಯಣನ ಸಾಲಿನಲ್ಲಿ ನಿಲ್ಲಿಸಿದ್ದು ಬೊಪ್ಪನಲ್ಲ, ಅರಸ.

ಹಾಗಾದರೆ 1117ರಲ್ಲಿ ಏನೂ ಆಗಲಿಲ್ಲವೆ? ಆಯಿತು. ಅರಸ ತಾನಾಗಿ, ತನ್ನ ಬೊಕ್ಕಸದಿಂದ, ಅಂಥ ಗಾತ್ರದಲ್ಲಿ ಕಟ್ಟಿಸಿದ್ದು ನಾರಾಯಣನ ಗುಡಿ. ಅದು ಮನಸ್ಸು ಮಾಡಿ ಆರಿಸಿದ ಆಯ್ಕೆ. ಅದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಮತಾಂತರ ಎಂಬ ಮಾತಿಗೆ ಎರಡು ಮಗ್ಗುಲಿವೆ, ಒಂದನ್ನು ಸೇರುವುದು, ಇನ್ನೊಂದನ್ನು ಬಿಡುವುದು. ಸೇರಿದ್ದಕ್ಕೆ ಬೇಲೂರಿನ ಕಲ್ಲು ಸಾಕ್ಷಿ. ಬಿಟ್ಟದ್ದಕ್ಕೆ ಸಮಕಾಲೀನವಾದ ಒಂದು ಸಾಕ್ಷಿಯನ್ನೂ ಯಾರೂ ಮುಂದಿಟ್ಟಿಲ್ಲ. ಬಿಡಲಿಲ್ಲ ಎನ್ನುವುದಕ್ಕೆ ಬಂಕಾಪುರದ ಪ್ರಸಂಗವಷ್ಟೇ ಅಲ್ಲ, 1125ರಲ್ಲಿ ಅರಸ ಶ್ರೀಪಾಲ ತ್ರೈವಿದ್ಯದೇವರಿಗೆ ಕೊಟ್ಟ ಶಲ್ಯ ಎಂಬ ಊರಿನ ದತ್ತಿಯೂ ಇದೆ. ಬೇಲೂರಿನ 1117ರ ಶಾಸನದಲ್ಲಿ ರಾಮಾನುಜರ ಹೆಸರಿಲ್ಲ ಎಂಬುದೂ ಇಲ್ಲಿ ನೆನೆಯಬೇಕಾದ ಮಾತು. ರಾಮಾನುಜರು ತೊಣ್ಣೂರಿಗೆ, ಮೇಲುಕೋಟೆಗೆ ಬಂದದ್ದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಮೇಲುಕೋಟೆಯ ಪ್ರತಿಷ್ಠೆಗೆ ಸಂಪ್ರದಾಯ ಹೇಳುವ ಬಹುಧಾನ್ಯ ಸಂವತ್ಸರ 1098–99ಕ್ಕೆ ಬೀಳುತ್ತದೆ, ಬಿಟ್ಟಿದೇವ ಪಟ್ಟಕ್ಕೆ ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲು. ಗುರುಪರಂಪರೆಯ ಗ್ರಂಥಗಳು ಅರಸನನ್ನು ವಿಠ್ಠಲದೇವರಾಯ ಎನ್ನುತ್ತವೆ. ಭಕ್ತರ ನೆನಪಿಗೆ ಅದರದೇ ಬೆಲೆ ಇದೆ. ಅದನ್ನು ತೇದಿಯ ಸಾಕ್ಷಿಯಾಗಿ ದುಡಿಸಿಕೊಳ್ಳಬಾರದು.

‘ಬಿಟ್ಟದ್ದು’ ಎಂಬ ಖಾಲಿ ಜಾಗವನ್ನು ತುಂಬಿದವರು ಮುಂದಿನ ಕಥೆಗಾರರು. ಅರಸನಿಗೆ ಒಂದು ಬೆರಳು ಇರಲಿಲ್ಲ, ಅಂಗಹೀನನ ಮನೆಯಲ್ಲಿ ಜೈನಗುರು ಉಣ್ಣಲು ಒಲ್ಲೆನೆಂದ, ಆ ಅವಮಾನಕ್ಕೆ ಅರಸ ಮತ ಬಿಟ್ಟ ಎಂದು ಒಂದು ಕಥೆ. ಬ್ರಹ್ಮರಾಕ್ಷಸ ಹಿಡಿದ ಅರಸುಮಗಳನ್ನು ರಾಮಾನುಜರು ಬಿಡಿಸಿದರು ಎಂದು ಇನ್ನೊಂದು. ಜೈನರನ್ನು ಗಾಣಕ್ಕೆ ಹಾಕಿಸಿದ, ಆ ಪಾಪಕ್ಕೆ ಅಡಗೂರಿನ ಬಳಿ ನೆಲ ಬಾಯ್ಬಿಟ್ಟಿತು ಎಂದು ಮತ್ತೊಂದು. ವೈಷ್ಣವರ ಕಥೆ ಗೆಲುವಿನದು, ಜೈನರದು ನೋವಿನದು. ಎರಡಕ್ಕೂ ಅರಸ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗಲೇಬೇಕು. ಎರಡೂ ಕಡೆಯವರು ಒಪ್ಪುತ್ತಾರಾದ್ದರಿಂದ ಇದು ಇತಿಹಾಸವೇ ಇರಬೇಕು ಎಂಬ ವಾದವನ್ನು ನಾನು ಹಲವು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಅವರು ಒಪ್ಪುವುದು ಕಥೆಯ ಅಗತ್ಯದಲ್ಲಿ ಮಾತ್ರ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ ವಿಜಯನಗರದ ಬುಕ್ಕರಾಯ 1368ರಲ್ಲಿ ತೀರ್ಪು ಕೊಡಬೇಕಾಗಿ ಬಂದ ಕಾಲಕ್ಕೆ ಇಂಥ ಕಥೆಗಳಿಗೆ ನೆಲ ಹದವಾಗಿತ್ತು. ಹನ್ನೆರಡನೆಯ ಶತಮಾನದ ಅರಮನೆಗೆ ಆ ಜಗಳವನ್ನು ಹಿಂದಕ್ಕೆ ಒಯ್ಯುವುದು ಕಾಲದ ತಪ್ಪು.

ಆ ಅರಮನೆಯ ಒಳಗನ್ನು ನೋಡಬೇಕು. ಪಟ್ಟದ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಬೇಲೂರಿನ ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠಿಸಿದವಳೂ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳೂ ಒಬ್ಬಳೇ ಶಾಂತಲೆ. ಅವಳು ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ. ಗುಡ್ಡ, ಗುಡ್ಡಿ ಎಂದರೆ ಗೃಹಸ್ಥ ಶಿಷ್ಯ, ಶಿಷ್ಯೆ. ಒಬ್ಬರು ಯಾವ ಧರ್ಮಕ್ಕೆ ಸೇರಿದವರೆಂದು ಶಾಸನಗಳು ಹೇಳುವುದು ಹೀಗೆ, ಗುರುವಿನ ಮೂಲಕ. ಬೆಳಗೊಳದ ಶಾಸನ ಅವಳನ್ನು ಚತುಸ್ಸಮಯಸಮುದ್ಧರಣೆ ಎಂದೂ ಹೊಗಳುತ್ತದೆ: ನಾಲ್ಕೂ ಸಮಯಗಳನ್ನು, ಅಂದರೆ ಮತಗಳನ್ನು, ಎತ್ತಿ ಹಿಡಿದವಳು. 1131ರಲ್ಲಿ ಅವಳು ತೀರಿಕೊಂಡದ್ದು ಶಿವಗಂಗೆಯಲ್ಲಿ, ಶೈವರ ಕ್ಷೇತ್ರದಲ್ಲಿ. ಮಗಳ ಸಾವಿನ ನಂತರ ತಾಯಿ ಬೆಳಗೊಳಕ್ಕೆ ಬಂದು, ಉಪವಾಸದಿಂದ ದೇಹ ಬಿಡುವ ಜೈನ ವ್ರತವಾದ ಸಲ್ಲೇಖನ ಕೈಗೊಂಡಳು. ಇದನ್ನು ಗೊಂದಲವೆನ್ನುವವರು ಒಂದು ಮನೆಗೆ ಒಂದೇ ದೇವರಿರಬೇಕೆಂಬ ತಮ್ಮ ಎಣಿಕೆಯನ್ನು ಅವರ ಮೇಲೆ ಹೇರುತ್ತಿದ್ದಾರೆ. ಆ ಮನೆಯಲ್ಲಿ ಬೆಳೆದ ನಿಷ್ಠೆಗಳು ಒಂದನ್ನೊಂದು ನೂಕಲಿಲ್ಲ. ಮಾಚಿಕಬ್ಬೆಯ ನಿಷ್ಠೆ ಸಾವಿನವರೆಗೂ ಹೋಯಿತು. ಅದನ್ನು ಯಾರೂ ಸಡಿಲವೆನ್ನಲಾರರು.

ಆದ್ದರಿಂದ ಅರಸನ ಮುಂದೆ ಇದ್ದ ಪ್ರಶ್ನೆಯನ್ನು ‘ಜಿನನೋ ವಿಷ್ಣುವೋ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಯಾವ ದೇವರಿಗೆ ದೊಡ್ಡ ಗುಡಿ, ಯಾವ ಗುರುವಿಗೆ ಯಾವ ಊರು, ಹುಟ್ಟಿದ ಮಗುವಿಗೆ ಯಾರ ಹೆಸರು, ಹೀಗೆ ಅವನು ಮಾಡಿದ ತೀರ್ಮಾನಗಳು ಹಲವು. ಒಂದೊಂದೂ ಅದರದೇ ಕಾಲದಲ್ಲಿ, ಅದರದೇ ಕಾರಣಕ್ಕೆ ಆದದ್ದು. ಅವನ್ನೆಲ್ಲ ಒಂದೇ ದಿನದ ಒಂದೇ ಮತಾಂತರಕ್ಕೆ ಕಟ್ಟಿಹಾಕಿದರೆ ಬೇಲೂರಿನ ಕಲ್ಲಿಗೂ ಬಸ್ತಿಹಳ್ಳಿಯ ಕಲ್ಲಿಗೂ ಜಗಳ ಹಚ್ಚಿದಂತೆ ಆಗುತ್ತದೆ.

ಬಂಕಾಪುರದಲ್ಲಿ ಹೆಸರು ಪಡೆದ ಮಗು ಮುಂದೆ ಒಂದನೆಯ ನರಸಿಂಹನಾಗಿ ಪಟ್ಟವೇರಿತು. ಅವನ ಭಂಡಾರಿ ಹುಳ್ಳ ಶ್ರವಣಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರಿಗೆ ಬಸದಿ ಕಟ್ಟಿಸಿದ. 1159ರಲ್ಲಿ ನರಸಿಂಹ ಅಲ್ಲಿಗೆ ಬಂದು ಗೊಮ್ಮಟನಿಗೆ ನಮಿಸಿ, ಆ ಬಸದಿಗೆ ಭವ್ಯಚೂಡಾಮಣಿ ಎಂದು ತಾನೇ ಹೆಸರಿಟ್ಟು ಸವಣೇರು ಎಂಬ ಊರನ್ನು ದತ್ತಿ ಬಿಟ್ಟ.