ಕಾಡಿನ ಕೂಸು

ಮಳೆಕಾಡಿನ ಪ್ರವಾಸಕ್ಕೆ ಇಂದು ನಾವು ಕ್ಯಾಮೆರಾ ಒಯ್ಯುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಜ್ಞಾನಿಗಳೂ ಕೋವಿ ಒಯ್ಯುತ್ತಿದ್ದರು.

ಜೀವವಿಕಾಸ ತತ್ತ್ವವನ್ನು ಡಾರ್ವಿನ್ನನಂತೆಯೇ ಸ್ವತಂತ್ರವಾಗಿ ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೇಸ್ 1855ರಲ್ಲಿ ಬೋರ್ನಿಯೋ ದ್ವೀಪದ ಸರವಾಕ್ ಪ್ರಾಂತದ ಕಾಡಿನಲ್ಲಿ ತಿಂಗಳುಗಟ್ಟಲೆ ತಂಗಿದ್ದ. ಪ್ರಾಣಿಗಳ ಚರ್ಮ, ಎಲುಬು, ಕೀಟಗಳನ್ನು ಸಂಗ್ರಹಿಸಿ ಇಂಗ್ಲೆಂಡಿಗೆ ಕಳುಹಿಸಿ ಮಾರುವುದೇ ಆತನ ಜೀವನೋಪಾಯ. ಅಲ್ಲಿಗೆ ಆತನನ್ನು ಸೆಳೆದದ್ದು ಮುಖ್ಯವಾಗಿ ಒರಾಂಗುಟಾನ್ ಎಂಬ ಬಾಲವಿಲ್ಲದ ದೊಡ್ಡ ವಾನರ. ಮಲಯ ಭಾಷೆಯಲ್ಲಿ ಆ ಹೆಸರಿಗೆ ‘ಕಾಡಿನ ಮನುಷ್ಯ’ ಎಂದರ್ಥ.

ಒಮ್ಮೆ ಆತನ ಗುಂಡಿಗೆ ತಾಯಿ ಒರಾಂಗುಟಾನ್ ಬಲಿಯಾಯಿತು. ಅದರ ಕೂಸು ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಎತ್ತಿಕೊಂಡು ಬರುವಾಗ ವಾಲೇಸನ ಗಡ್ಡವನ್ನೇ ಬಿಗಿಯಾಗಿ ಹಿಡಿದುಕೊಂಡಿತು. ಹಾಲು ಸಿಗದ ಜಾಗ. ಅಕ್ಕಿಗಂಜಿಯ ತಿಳಿಯನ್ನು ಸೀಸೆಯಿಂದ ಕುಡಿಸಿದ. ಅಪ್ಪಿಕೊಳ್ಳಲು ಹಂಬಲಿಸುತ್ತಿದ್ದ ಕೂಸಿಗಾಗಿ ಎಮ್ಮೆಚರ್ಮದ ತುಂಡನ್ನು ಗಂಟು ಕಟ್ಟಿ ಸುಳ್ಳು ತಾಯಿಯನ್ನು ಮಾಡಿಕೊಟ್ಟ. ಕೂಸು ಅದರಲ್ಲಿ ಹಾಲು ಹುಡುಕಿತು. ಬಾಯಿಗೆ ಬಂದದ್ದು ಬರಿಯ ಕೂದಲು. ಗಂಟಲಿಗೆ ಸಿಕ್ಕೀತೆಂದು ಅದನ್ನೂ ಬಿಚ್ಚಬೇಕಾಯಿತು.

ಸುಮಾರು ಮೂರು ತಿಂಗಳ ಮೇಲೆ ಕೂಸು ಜ್ವರದಿಂದ ಸತ್ತಿತು. ವಾಲೇಸ್ ಮರುಗಿದ, ಆದರೂ ಅದರ ಚರ್ಮ, ಎಲುಬುಗಳನ್ನು ಸಂಗ್ರಹಕ್ಕೆ ಸೇರಿಸಿದ. ಆಗಲೇ ತಿಳಿದದ್ದು, ಅಂದು ಮರದಿಂದ ಬಿದ್ದಾಗ ಅದರ ಒಂದು ಕೈ, ಒಂದು ಕಾಲು ಮುರಿದು, ಬಳಿಕ ತಾವಾಗಿಯೇ ಕೂಡಿಕೊಂಡಿದ್ದವು ಎಂದು. ಮುರಿದ ಕೈಯಿಂದಲೇ ಅದು ಗಡ್ಡ ಹಿಡಿದಿತ್ತೋ ಏನೋ.

1869ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಆತ ಇದನ್ನೆಲ್ಲ ಮರೆಮಾಚದೆ ಬರೆದಿದ್ದಾನೆ. ಬೋರ್ನಿಯೋದ ಒರಾಂಗುಟಾನ್ 2016ರಲ್ಲಿ ತೀವ್ರ ವಿನಾಶಭೀತಿಯ ಪ್ರಾಣಿಗಳ ಪಟ್ಟಿಗೆ ಸೇರಿತು. ಕಾರಣ ಎರಡು: ಬೇಟೆ ಮತ್ತು ತಾಳೆಎಣ್ಣೆ ಮೊದಲಾದ ತೋಟಗಳಿಗಾಗಿ ಕಾಡಿನ ನಾಶ. ಕೋವಿ ಹಿಡಿಯದ ನಮ್ಮ ಅಡುಗೆಮನೆಗಳಿಗೂ ಆ ಎಣ್ಣೆ ಬರುತ್ತದೆ.